ಗಾಜಿನ ಆಭರಣ ಹವ್ಯಾಸ: ಕತ್ತರಿಸುವಿಕೆ ಮತ್ತು ಉರುಳಿಸುವಿಕೆ

ಗಾಜಿನ ಹಾಳೆ, ಖಾಲಿ ಸೀಸೆ, ಒಡೆದ ಪಾತ್ರೆಗಳನ್ನು ಕರಗಿಸದೆ, ತಣ್ಣಗಿರುವಾಗಲೇ ಕತ್ತರಿಸಿ, ಅಂಚು ತೇಯ್ದು, ಉಜ್ಜುಪುಡಿ ಮತ್ತು ನೀರಿನೊಡನೆ ಪೀಪಾಯಿಯಲ್ಲಿ ಉರುಳಿಸಿ, ಪದಕ, ಓಲೆ, ಮಣಿ, ಉಂಗುರದ ಹರಳುಗಳಾಗಿ ರೂಪಿಸುವ ಕೈಕೆಲಸ. ಗಾಜಿನ ಕಸುಬಿನಲ್ಲಿ ಎರಡು ಕವಲುಗಳಿವೆ. ಕುಲುಮೆಯಲ್ಲಿ ಕರಗಿಸಿ ಊದುವುದು, ಎಳೆಯುವುದು, ಅಚ್ಚಿಗೆ ಹೊಯ್ಯುವುದು ಬಿಸಿ ಕೆಲಸ. ಕೊಯ್ಯುವುದು, ಸಾಣೆ ಹಿಡಿಯುವುದು, ಕೊರೆಯುವುದು, ಮೆರುಗು ಕೊಡುವುದು ತಣ್ಣನೆಯ ಕೆಲಸ. ಬಿಸಿ ಕೆಲಸಕ್ಕೆ ಕುಲುಮೆ, ಇಂಧನ, ಪಳಗಿದ ಕೈ ಬೇಕು. ತಣ್ಣನೆಯ ಕೆಲಸವನ್ನು ಮನೆಯ ಹಿತ್ತಿಲಿನಲ್ಲೋ ಬಾಲ್ಕನಿಯಲ್ಲೋ ಮಾಡಬಹುದಾದ್ದರಿಂದ ಹವ್ಯಾಸಿಗಳು ಹೆಚ್ಚಾಗಿ ಹಿಡಿಯುವುದು ಈ ಎರಡನೆಯ ದಾರಿಯನ್ನೇ.

ಈ ಕಲೆಯ ತಿರುಳು ಬಿರುಕನ್ನು ಹತೋಟಿಯಲ್ಲಿ ಇಡುವುದು. ಕತ್ತರಿಸುವಾಗ ಒಂದೇ ಒಂದು ಬಿರುಕನ್ನು ಬೇಕಾದ ದಾರಿಯಲ್ಲಿ ಓಡಿಸಬೇಕು. ತೇಯುವಾಗ ಲೆಕ್ಕವಿಲ್ಲದಷ್ಟು ಸಣ್ಣ ಬಿರುಕುಗಳನ್ನು ಎಬ್ಬಿಸಿ ಗಾಜನ್ನು ಸವೆಸಬೇಕು. ಮೆರುಗು ಕೊಡುವಾಗ ಆ ಬಿರುಕುಗಳನ್ನೆಲ್ಲ ಅಳಿಸಬೇಕು. ಉಪಕರಣಗಳು, ಪುಡಿಗಳು, ದಿನಗಟ್ಟಲೆಯ ಕಾಯುವಿಕೆ ಎಲ್ಲವೂ ಈ ಮೂರು ಕೆಲಸಗಳಿಗಾಗಿಯೇ.

ಗಾಜಿನ ಗುಣ

ಕಿಟಕಿ ಮತ್ತು ಸೀಸೆಗಳಿಗೆ ಬಳಸುವ ಗಾಜು ಸೋಡಾ-ಸುಣ್ಣದ ಗಾಜು. ಅದರಲ್ಲಿ ನೂರಕ್ಕೆ ಸುಮಾರು 70ರಿಂದ 74 ಭಾಗ ಸಿಲಿಕ, ಉಳಿದದ್ದರಲ್ಲಿ ಮುಖ್ಯವಾಗಿ ಸೋಡಾ ಮತ್ತು ಸುಣ್ಣ. ಬೆಣಚುಕಲ್ಲಿನಲ್ಲಿ ಸಿಲಿಕದ ಅಣುಗಳು ಸಾಲುಗಟ್ಟಿ ಸ್ಫಟಿಕವಾಗಿ ನಿಂತಿರುತ್ತವೆ. ಗಾಜಿನಲ್ಲಿ ಅಂಥ ಸಾಲಿಲ್ಲ. ಆದ್ದರಿಂದ ಅದಕ್ಕೆ ಸೀಳುವ ನಿಶ್ಚಿತ ದಿಕ್ಕೂ ಇಲ್ಲ. ಒಡೆದಾಗ ಚಿಪ್ಪಿನ ಒಳಮೈಯಂತೆ ಬಾಗಿದ, ಹರಿತವಾದ ಮುಖಗಳು ಕಾಣಿಸಿಕೊಳ್ಳುತ್ತವೆ. ಮೋಸ್ ಮಾನದಲ್ಲಿ ಇದರ ಗಡಸು ಸುಮಾರು 5.5. ಬೆಣಚುಕಲ್ಲಿನದು 7, ಉಜ್ಜುಪುಡಿಯಾಗಿ ಬಳಸುವ ಸಿಲಿಕನ್ ಕಾರ್ಬೈಡಿನದು 9ಕ್ಕಿಂತ ಹೆಚ್ಚು. ಅಗೇಟು, ಜ್ಯಾಸ್ಪರಿನಂಥ ಕಲ್ಲುಗಳಿಗೆ ಹೋಲಿಸಿದರೆ ಗಾಜು ಬೇಗ ಸವೆಯುತ್ತದೆ, ಆದರೆ ಪೆಟ್ಟು ಬಿದ್ದರೆ ಅಷ್ಟೇ ಬೇಗ ಚಕ್ಕೆ ಏಳುತ್ತದೆ.

ಅಣುಗಳ ನಡುವಿನ ಬಂಧವನ್ನು ಲೆಕ್ಕ ಹಾಕಿದರೆ ಗಾಜು ಬಹಳ ಗಟ್ಟಿ ವಸ್ತುವಾಗಬೇಕು. ಬಳಕೆಯಲ್ಲಿ ಅದು ಆ ಬಲದ ಸಣ್ಣ ಪಾಲನ್ನು ಮಾತ್ರ ತೋರಿಸುತ್ತದೆ. ಇಂಗ್ಲೆಂಡಿನ ಎಂಜಿನಿಯರ್ ಎ. ಎ. ಗ್ರಿಫಿತ್ 1921ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದಕ್ಕೆ ಕಾರಣ ಕೊಟ್ಟ. ಗಾಜಿನ ಮೈಮೇಲೆ ಕಣ್ಣಿಗೆ ಕಾಣದ ಸಣ್ಣ ಸೀಳುಗಳಿರುತ್ತವೆ. ಎಳೆತ ಬಿದ್ದಾಗ ಬಲವೆಲ್ಲ ಆ ಸೀಳಿನ ತುದಿಗೆ ಬಂದು ಸೇರುತ್ತದೆ. ಒಂದು ಮಿತಿ ದಾಟಿದೊಡನೆ ಸೀಳು ತಾನಾಗಿ ಓಡುತ್ತದೆ. ಹೊಸದಾಗಿ ಎಳೆದ ತೆಳು ಗಾಜಿನ ಎಳೆಗಳು ದಪ್ಪ ಕಂಬಿಗಳಿಗಿಂತ ಎಷ್ಟೋ ಪಟ್ಟು ಬಲವಾಗಿರುವುದನ್ನು ಅವನು ಪ್ರಯೋಗದಿಂದ ತೋರಿಸಿದ. ಗಾಜು ಕತ್ತರಿಸುವವರು ಸಾವಿರಾರು ವರ್ಷಗಳಿಂದ ಬಳಸಿಕೊಂಡು ಬಂದಿದ್ದ ಗುಣ ಇದೇ. ಬಿರುಕಿನ ತುದಿಗೆ ನೀರು ತಾಗಿದರೆ ಅಲ್ಲಿನ ಸಿಲಿಕನ್-ಆಮ್ಲಜನಕ ಬಂಧ ಇನ್ನಷ್ಟು ಸುಲಭವಾಗಿ ಕಡಿಯುತ್ತದೆ.

ಇತಿಹಾಸ

ಮನುಷ್ಯ ಗಾಜನ್ನು ತಯಾರಿಸುವುದಕ್ಕೆ ಮೊದಲೇ ನಿಸರ್ಗದ ಗಾಜನ್ನು ಕೆತ್ತಿದ್ದ. ಜ್ವಾಲಾಮುಖಿಯಿಂದ ಬರುವ ಕಪ್ಪು ಅಬ್ಸಿಡಿಯನ್ ಶಿಲಾಯುಗದಿಂದಲೂ ಅಲಗಿಗೂ ಮಣಿಗೂ ಬಳಕೆಯಾಗಿದೆ. ಕ್ರಿ.ಪೂ. 14ನೆಯ ಶತಮಾನದ ಈಜಿಪ್ಟಿನ ದೊರೆ ತೂತಾಂಖಾಮನ್ನನ ಸಮಾಧಿಯಲ್ಲಿ ಸಿಕ್ಕಿದ ಒಂದು ಎದೆಪದಕದ ನಡುವಿನ ಹಳದಿ ದುಂಬಿ ಲಿಬಿಯಾ ಮರುಭೂಮಿಯ ನೈಸರ್ಗಿಕ ಗಾಜಿನಲ್ಲಿ ಕೆತ್ತಿದ್ದು. ಮಾನವ ನಿರ್ಮಿತ ಗಾಜಿನ ಅತಿ ಹಳೆಯ ಮಣಿಗಳು ಮೆಸೊಪೊಟೇಮಿಯಾದಲ್ಲಿ ಕ್ರಿ.ಪೂ. ಮೂರನೆಯ ಸಹಸ್ರಮಾನದಲ್ಲಿ ಕಾಣಿಸಿಕೊಂಡವು. ಆಗ ಗಾಜು ನೀಲಿ ಲಾಜವರ್ದದಂಥ ಬಣ್ಣದ ಕಲ್ಲುಗಳಿಗೆ ಬದಲಿ ವಸ್ತು. ಅದನ್ನು ಕಲ್ಲಿನಂತೆಯೇ ಕೊರೆದು ತೇಯುತ್ತಿದ್ದರು.

ಉರುಳಿಸಿ ನಯ ಮಾಡುವ ವಿಧಾನಕ್ಕೆ ಭಾರತದಲ್ಲಿ ಹಳೆಯ ಮಾದರಿಯಿದೆ. ಗುಜರಾತಿನ ಖಂಭಾತದ ಅಗೇಟ್ ಕಸುಬುದಾರರು ಮಣಿಗಳನ್ನು ಕುರುಂದದ ಪುಡಿ, ಅಗೇಟಿನ ಪುಡಿ ಮತ್ತು ನೀರಿನೊಡನೆ ಚರ್ಮದ ಚೀಲದಲ್ಲಿ ತುಂಬಿ ಬಾಯಿ ಕಟ್ಟುತ್ತಿದ್ದರು. ಇಬ್ಬರು ಎದುರುಬದುರು ಕುಳಿತು ಆ ಚೀಲವನ್ನು ಹಲವು ದಿನ ಹಿಂದಕ್ಕೂ ಮುಂದಕ್ಕೂ ಉರುಳಿಸುತ್ತಿದ್ದರು. ಇಂದಿನ ಮೋಟಾರು ಪೀಪಾಯಿ ಮಾಡುವುದೂ ಅದೇ ಕೆಲಸ. ಗಾಜಿನ ಮಣಿಗಳಿಗೆ ಬೇರೊಂದು ಉಪಾಯವಿತ್ತು. ಪುದುಚೇರಿ ಸಮೀಪದ ಅರಿಕಮೇಡುವಿನಲ್ಲಿ ಗಾಜನ್ನು ಉದ್ದ ಕೊಳವೆಯಾಗಿ ಎಳೆದು ತುಂಡರಿಸಿ ಮಾಡಿದ ಸಣ್ಣ ಮಣಿಗಳು ಹಿಂದೂ ಮಹಾಸಾಗರದ ಆಚೆಗೂ ಹೋದವು. ಸಂಶೋಧಕ ಪೀಟರ್ ಫ್ರಾನ್ಸಿಸ್ ಇವನ್ನು ಇಂಡೋ-ಪೆಸಿಫಿಕ್ ಮಣಿಗಳೆಂದು ಕರೆದ. ಆಂಧ್ರಪ್ರದೇಶದ ಪಾಪನಾಯುಡುಪೇಟೆಯಲ್ಲಿ ಈ ವಿಧಾನ ನಮ್ಮ ಕಾಲದವರೆಗೂ ಉಳಿದುಬಂದಿದೆ. ಅಲ್ಲಿ ತುಂಡರಿಸಿದ ಮಣಿಗಳ ರಂಧ್ರ ಮುಚ್ಚಿಹೋಗದಂತೆ ಬೂದಿ ಬೆರೆಸಿ, ಕಾಯಿಸುತ್ತ ಕಲಕಿ ಅಂಚನ್ನು ದುಂಡಗೆ ಮಾಡುತ್ತಾರೆ. ವೆನಿಸ್ಸಿನವರೂ ಕೊಳವೆಯ ತುಂಡುಗಳನ್ನು ಸುಣ್ಣ ಮತ್ತು ಇದ್ದಿಲ ಪುಡಿಯೊಡನೆ ಕಾದ ಬಾಣಲೆಯಲ್ಲಿ ತಿರುಗಿಸಿ ಇದನ್ನೇ ಸಾಧಿಸುತ್ತಿದ್ದರು.

ವೆನಿಸ್ ಗಣರಾಜ್ಯ 1291ರಲ್ಲಿ ತನ್ನ ಗಾಜಿನ ಕುಲುಮೆಗಳನ್ನು ಮುರಾನೋ ದ್ವೀಪಕ್ಕೆ ಸಾಗಿಸಿತು. 15ನೆಯ ಶತಮಾನದ ಕೊನೆಗೆ ಅಲ್ಲಿ ಹುಟ್ಟಿದ ರೊಸೆಟ್ಟಾ ಮಣಿ ತಣ್ಣನೆಯ ಕೆಲಸದ ಒಳ್ಳೆಯ ಉದಾಹರಣೆ. ಬಿಳಿ, ನೀಲಿ, ಕೆಂಪು ಪದರಗಳ ಕೊಳವೆಯನ್ನು ತುಂಡು ಮಾಡಿ ಎರಡೂ ತುದಿಗಳನ್ನು ಸಾಣೆ ಹಿಡಿದಾಗ ಮಾತ್ರ ಒಳಗಿನ ನಕ್ಷತ್ರದ ಚಿತ್ತಾರ ಹೊರಬರುತ್ತದೆ. ಪ್ಯಾರಿಸ್ಸಿನ ಆಭರಣಕಾರ ಜಾರ್ಜ್ ಫ್ರೆಡರಿಕ್ ಸ್ಟ್ರಾಸ್ (1701–1773) ಸೀಸದ ಗಾಜನ್ನು ವಜ್ರದಂತೆ ಪಟ್ಟೆ ಕತ್ತರಿಸಿ ಹೆಸರು ಮಾಡಿದ. ಬೊಹೀಮಿಯಾದ ಯಾಬ್ಲೊನೆಟ್ಸ್ ಪಟ್ಟಣ ಗಾಜಿನ ಒಡವೆಗಳ ದೊಡ್ಡ ಕೇಂದ್ರವಾಯಿತು. ಅದೇ ಪ್ರದೇಶದಲ್ಲಿ 1862ರಲ್ಲಿ ಹುಟ್ಟಿದ ಡೇನಿಯಲ್ ಸ್ವರೊವ್‌ಸ್ಕಿ ಗಾಜಿನ ಹರಳು ಕತ್ತರಿಸುವ ವಿದ್ಯುತ್ ಯಂತ್ರ ರೂಪಿಸಿ, 1895ರಲ್ಲಿ ಆಸ್ಟ್ರಿಯಾದ ವಾಟೆನ್ಸಿನಲ್ಲಿ ಕಾರ್ಖಾನೆ ತೆರೆದ. ಪಶ್ಚಿಮ ಆಫ್ರಿಕಾದ ಘಾನಾದಲ್ಲಿ ಕ್ರೋಬೊ ಜನ ಹಳೆಯ ಸೀಸೆಗಳನ್ನು ಪುಡಿ ಮಾಡಿ ಮಣ್ಣಿನ ಅಚ್ಚಿನಲ್ಲಿ ಸುಟ್ಟು, ಬಳಿಕ ಕಲ್ಲಿನ ಮೇಲೆ ಮರಳು-ನೀರಿನಲ್ಲಿ ಉಜ್ಜಿ ಮಣಿ ಮಾಡುತ್ತಾರೆ.

ಇದು ಹವ್ಯಾಸವಾಗಿ ಹಬ್ಬಿದ್ದು ಎರಡನೆಯ ಮಹಾಯುದ್ಧದ ನಂತರ, ಮುಖ್ಯವಾಗಿ ಅಮೆರಿಕದಲ್ಲಿ. ಅದಕ್ಕೆ ನೆಲ ಹದ ಮಾಡಿದ್ದು 19ನೆಯ ಶತಮಾನದ ಎರಡು ಆವಿಷ್ಕಾರಗಳು. ಸ್ಯಾಮ್ಯುಯಲ್ ಮಾನ್ಸ್ 1869ರಲ್ಲಿ ಪೇಟೆಂಟ್ ಪಡೆದ ಉಕ್ಕಿನ ಚಕ್ರದ ಕಟರ್ ವಜ್ರದ ಮೊನೆಯ ದುಬಾರಿ ಉಪಕರಣದ ಜಾಗವನ್ನು ತುಂಬಿತು. ಎಡ್ವರ್ಡ್ ಅಚೆಸನ್ 1891ರಲ್ಲಿ ವಿದ್ಯುತ್ ಕುಲುಮೆಯಲ್ಲಿ ಪಡೆದ ಸಿಲಿಕನ್ ಕಾರ್ಬೈಡ್ ಅಗ್ಗದ, ಕಡುಗಟ್ಟಿ ಉಜ್ಜುಪುಡಿಯನ್ನು ಕೊಟ್ಟಿತು. ಹಾರ್ಡ್‌ವೇರ್ ಅಂಗಡಿಗಳಲ್ಲಿ ಇಂದಿಗೂ ಕಾರ್ಬೊರಂಡಮ್ ಎಂದೇ ಅದರ ಹೆಸರು. ಕಲ್ಲು ಸಾಣೆಯ ಹವ್ಯಾಸಿಗಳಿಗಾಗಿ ‘ಲ್ಯಾಪಿಡರಿ ಜರ್ನಲ್’ 1947ರಲ್ಲಿ ಆರಂಭವಾಯಿತು. ಮುಂದಿನ ದಶಕದಲ್ಲಿ ಸಣ್ಣ ಮೋಟಾರಿನ ಉರುಳು ಪೀಪಾಯಿಗಳು ಮನೆಗಳಿಗೆ ಬಂದವು. ಕಲ್ಲಿಗೆಂದು ಬಂದ ಯಂತ್ರಕ್ಕೆ ಗಾಜೂ ಸೇರಿತು.

ಕರ್ನಾಟಕದಲ್ಲಿ

ರಾಯಚೂರು ಜಿಲ್ಲೆಯ ಮಸ್ಕಿ ಮತ್ತು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಉತ್ಖನನಗಳಲ್ಲಿ ಪ್ರಾಚೀನ ಗಾಜಿನ ಮಣಿಗಳೂ ಬಳೆಚೂರುಗಳೂ ದೊರೆತಿವೆ. ಟಿಪ್ಪುವಿನ ಪತನದ ಬಳಿಕ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಕಥನದಲ್ಲಿ ಈಗಿನ ಹೊಸದುರ್ಗ ತಾಲ್ಲೂಕಿನ ಮತ್ತೋಡಿನ ಬಳೆ ಕುಲುಮೆಗಳನ್ನು ವರ್ಣಿಸಿದ್ದಾನೆ. ಅದು ಬಿಸಿ ಕೆಲಸದ ಪರಂಪರೆ. ತಣ್ಣನೆಯ ಕೆಲಸಕ್ಕೆ ಹತ್ತಿರವಾದದ್ದು ಲಂಬಾಣಿ ಹೆಂಗಸರ ಕನ್ನಡಿ ಕಸೂತಿ. ಕನ್ನಡಿಯ ಚಿಕ್ಕ ಬಿಲ್ಲೆಗಳನ್ನು ಬಟ್ಟೆಯ ಮೇಲಿಟ್ಟು ಸುತ್ತಲೂ ದಾರದ ಕಟ್ಟು ಹಾಕುವ ಈ ಕೆಲಸದಲ್ಲಿ ಗಾಜಿಗೆ ತೂತಿಲ್ಲ, ಅಂಟಿಲ್ಲ. ಅಂಚನ್ನು ದಾರವೇ ಹಿಡಿಯುತ್ತದೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯಿದೆ.

ಗಾಜಿನ ಆಯ್ಕೆ

ಹವ್ಯಾಸಿಗೆ ಸುಲಭವಾಗಿ ಸಿಗುವುದು ಸೀಸೆಯ ಗಾಜು. ಅದರ ಬಣ್ಣಗಳಿಗೆ ಲೋಹಗಳೇ ಕಾರಣ. ಕಬ್ಬಿಣದ ಅಂಶದಿಂದ ತಿಳಿಹಸಿರು, ಕ್ರೋಮಿಯಮ್ಮಿನಿಂದ ಗಾಢ ಹಸಿರು, ಕಬ್ಬಿಣ ಮತ್ತು ಗಂಧಕ ಕೂಡಿ ಬಿಯರ್ ಸೀಸೆಯ ಕಂದು, ಕೋಬಾಲ್ಟಿನಿಂದ ಕಡುನೀಲಿ, ತಾಮ್ರದಿಂದ ನೀಲಿ-ಹಸಿರು. ಕೆಂಪಿಗೆ ಚಿನ್ನ, ತಾಮ್ರ ಇಲ್ಲವೇ ಸೆಲೆನಿಯಮ್ ಬೇಕಾಗುವುದರಿಂದ ಕೆಂಪು ಸೀಸೆ ಅಪರೂಪ. ಬಣ್ಣ ತೆಗೆಯಲೆಂದು ಮ್ಯಾಂಗನೀಸ್ ಬೆರೆಸಿದ ಹಳೆಯ ಗಾಜು ಬಿಸಿಲಿನಲ್ಲಿ ವರ್ಷಗಟ್ಟಲೆ ಇದ್ದರೆ ತಿಳಿನೇರಳೆಗೆ ತಿರುಗುತ್ತದೆ.

ಚೌಕಟ್ಟು ಹಾಕುವ ಗಾಜಿನ ಅಂಗಡಿಗಳಲ್ಲಿ ಉಳಿಯುವ 3ರಿಂದ 5 ಮಿ.ಮೀ. ದಪ್ಪದ ತುಣುಕುಗಳು ಅಭ್ಯಾಸಕ್ಕೆ ಉತ್ತಮ. ಬಣ್ಣದ ಕಿಟಕಿಗಳಿಗೆಂದು ತಯಾರಾಗುವ ಹಾಳೆಗಳು ದುಬಾರಿಯಾದರೂ ಅವುಗಳ ಬಣ್ಣದ ಹರವು ದೊಡ್ಡದು. ಲೋಹದ ಕುಲುಮೆಗಳ ಕಿಟ್ಟವೂ ಒಂದು ಬಗೆಯ ಗಾಜೇ. ಅಮೆರಿಕದ ಮಿಷಿಗನ್ ರಾಜ್ಯದ ಲೀಲ್ಯಾಂಡಿನಲ್ಲಿ 1870ರಿಂದ 1885ರವರೆಗೆ ನಡೆದ ಕಬ್ಬಿಣದ ಕುಲುಮೆ ಸರೋವರಕ್ಕೆ ಸುರಿದ ನೀಲಿ ಕಿಟ್ಟವನ್ನು ಅಲ್ಲಿನ ಹವ್ಯಾಸಿಗಳು ಇಂದು ಆರಿಸಿ ಪದಕ ಮಾಡುತ್ತಾರೆ.

ಕೆಲವು ಗಾಜುಗಳು ಈ ಕೆಲಸಕ್ಕೆ ಒಗ್ಗುವುದಿಲ್ಲ. ಕಾರಿನ ಪಕ್ಕದ ಕಿಟಕಿ, ಸ್ನಾನದ ಮನೆಯ ಬಾಗಿಲಿಗೆ ಬಳಸುವ ಟಫನ್ಡ್ ಗಾಜಿನ ಹೊರಮೈ ಒತ್ತಡದಲ್ಲಿಯೂ ಒಳಭಾಗ ಎಳೆತದಲ್ಲಿಯೂ ಇರುತ್ತದೆ. ಗೀರು ಆಳಕ್ಕೆ ಇಳಿದೊಡನೆ ಇಡೀ ಹಾಳೆ ಹರಳುಹರಳಾಗಿ ಸಿಡಿಯುತ್ತದೆ. ಕಾರಿನ ಮುಂದಿನ ಗಾಜಿನಲ್ಲಿ ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರವಿದೆ. ಟ್ಯೂಬ್‌ಲೈಟು, ಸಿ.ಎಫ್.ಎಲ್. ಬಲ್ಬುಗಳಲ್ಲಿ ಪಾದರಸವಿದೆ. ಹಳೆಯ ‘ಕ್ರಿಸ್ಟಲ್’ ಪಾತ್ರೆಗಳಲ್ಲಿ ಸೀಸವಿರಬಹುದಾದ್ದರಿಂದ ಅವುಗಳನ್ನು ಮನೆಯಲ್ಲಿ ತೇಯದಿರುವುದೇ ಲೇಸು.

ಕತ್ತರಿಸುವುದು

ಕತ್ತರಿಸುವುದೆಂದು ಕರೆದರೂ ಗಾಜನ್ನು ಕಟರ್ ಕತ್ತರಿಸುವುದಿಲ್ಲ. ಅದು ಮೇಲ್ಮೈಯಲ್ಲಿ ಗೀರು ಎಳೆಯುತ್ತದೆ, ಗೀರಿನ ಕೆಳಗೆ ನೇರವಾಗಿ ಇಳಿಯುವ ತೆಳು ಬಿರುಕೊಂದು ಹುಟ್ಟುತ್ತದೆ, ಬಾಗಿಸಿದಾಗ ಗಾಜು ಆ ಬಿರುಕಿನಲ್ಲಿ ಬೇರೆಯಾಗುತ್ತದೆ. 12ನೆಯ ಶತಮಾನದ ಯೂರೋಪಿನ ಸನ್ಯಾಸಿ ಥಿಯೊಫಿಲಸ್ ಬರೆದಿಟ್ಟಿರುವ ವಿಧಾನದಲ್ಲಿ ಕಾದ ಕಬ್ಬಿಣವನ್ನು ಗಾಜಿಗೆ ತಾಗಿಸಿ, ಎಂಜಲಿನಿಂದಲೋ ನೀರಿನಿಂದಲೋ ಒದ್ದೆ ಮಾಡಿ ಬಿರುಕು ಎಬ್ಬಿಸುತ್ತಿದ್ದರು. ಮಿಕ್ಕ ಅಂಚನ್ನು ಕಚ್ಚುಳ್ಳ ಕಬ್ಬಿಣದಿಂದ ಚೂರುಚೂರಾಗಿ ಮುರಿಯುತ್ತಿದ್ದರು. ಈಗಿನ ಕಟರಿನಲ್ಲಿ ಟಂಗ್‌ಸ್ಟನ್ ಕಾರ್ಬೈಡಿನ ಪುಟ್ಟ ಚಕ್ರವಿರುತ್ತದೆ. ಚಕ್ರಕ್ಕೆ ಸೀಮೆಎಣ್ಣೆ ಅಥವಾ ತೆಳು ಯಂತ್ರದ ಎಣ್ಣೆ ಸವರಿದರೆ ಅದು ಸರಾಗವಾಗಿ ಉರುಳುತ್ತದೆ, ಗೀರಿನ ಅಂಚಿನಲ್ಲಿ ಚಕ್ಕೆ ಏಳುವುದೂ ಕಡಿಮೆಯಾಗುತ್ತದೆ.

ಗಾಜನ್ನು ಮೊದಲು ಒರೆಸಿ, ಸಮತಟ್ಟಾದ ಮೇಜಿನ ಮೇಲೆ ಕಾಗದವೋ ತೆಳು ರಬ್ಬರೋ ಹಾಸಿ ಇಡುತ್ತಾರೆ. ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಒಂದೇ ಒತ್ತಡದಲ್ಲಿ, ಒಂದೇ ಸಲ ಗೀರಬೇಕು. ಒತ್ತಡ ಸರಿಯಿದ್ದರೆ ಬಟ್ಟೆ ಹರಿದಂಥ ಸದ್ದು ಕೇಳುತ್ತದೆ, ಗೀರು ಕೂದಲೆಳೆಯಷ್ಟು ತೆಳ್ಳಗಿರುತ್ತದೆ. ಬಿಳಿ ಪುಡಿ ಏಳುವ ದಪ್ಪ ಗೀರು ಅತಿಯಾದ ಒತ್ತಡದ ಗುರುತು. ಗೀರಿದ ಜಾಗದಲ್ಲಿಯೇ ಮತ್ತೆ ಗೀರಬಾರದು. ಎರಡನೆಯ ಸಲದ ಅಡ್ಡಬಿರುಕುಗಳು ಮೊದಲನೆಯದರ ದಾರಿ ಕೆಡಿಸುತ್ತವೆ, ಚಕ್ರವೂ ಮೊಂಡಾಗುತ್ತದೆ. ಗೀರಿದ ತಕ್ಷಣ ಎರಡೂ ಬದಿ ಹಿಡಿದು ಹೆಬ್ಬೆರಳುಗಳನ್ನು ಗೀರಿನ ಅಕ್ಕಪಕ್ಕ ಇಟ್ಟು ಹೊರಕ್ಕೆ ಬಾಗಿಸಿದರೆ ಗಾಜು ಬಿಡುತ್ತದೆ. ಕಿರಿದಾದ ಪಟ್ಟಿಗಳಿಗೆ ಬಾಯಿ ಬಾಗಿದ ಇಕ್ಕಳ ಬೇಕು.

ಆಭರಣಕ್ಕೆ ಬೇಕಾಗುವುದು ಸಣ್ಣ ಚೂರುಗಳಾದ್ದರಿಂದ ಸರಳ ರೇಖೆಗಳೇ ಕ್ಷೇಮ: ಮೊದಲು ಪಟ್ಟಿ, ಪಟ್ಟಿಯಿಂದ ಚೌಕ, ಚೌಕದ ಮೂಲೆಗಳನ್ನು ಕಚ್ಚು ಇಕ್ಕಳದಿಂದ ಕಡಿದು ದುಂಡು. ಹೊರಕ್ಕೆ ಬಾಗಿದ ಗೆರೆ ಕಷ್ಟವಲ್ಲ. ಒಳಕ್ಕೆ ಬಾಗಿದ ಗೆರೆಯನ್ನು ಒಮ್ಮೆಲೇ ತೆಗೆಯಲು ಹೋದರೆ ಬಿರುಕು ನೇರ ಹಾದಿ ಹಿಡಿದು ಚೂರನ್ನು ಎರಡು ಮಾಡುತ್ತದೆ. ಅಂಥಲ್ಲಿ ಕಮಾನಿನಂತೆ ಹಲವು ಗೀರು ಎಳೆದು ತೆಳುಪದರಗಳಾಗಿ ಬಿಡಿಸುತ್ತಾರೆ, ಇಲ್ಲವೇ ವಜ್ರದ ಪುಡಿ ಲೇಪಿಸಿದ ನೀರು ಹನಿಸುವ ಗರಗಸ ಬಳಸುತ್ತಾರೆ.

ಸೀಸೆಯನ್ನು ಬಳೆಯಾಕಾರದಲ್ಲಿ ತೆಗೆಯಬೇಕಾದರೆ ಕಟರನ್ನು ಒಂದೇ ಎತ್ತರದಲ್ಲಿ ಹಿಡಿದು ಸೀಸೆಯನ್ನು ಸುತ್ತ ತಿರುಗಿಸಿ ಗೀರಬೇಕು. ಬಳಿಕ ಗೀರಿನ ಮೇಲೆ ಬಿಸಿನೀರು, ತಣ್ಣೀರು ಒಂದಾದ ಮೇಲೊಂದು ಸುರಿದರೆ ಹೊರಮೈ ಕುಗ್ಗುವ ಎಳೆತಕ್ಕೆ ಬಿರುಕು ಸುತ್ತಲೂ ಓಡುತ್ತದೆ. ದಪ್ಪ ಒಂದೇ ಸಮ ಇಲ್ಲದ ಸೀಸೆಗಳಲ್ಲಿ ಬಿರುಕು ದಾರಿ ತಪ್ಪುವುದು ಸಾಮಾನ್ಯ.

ತೇಯುವುದು, ಕೊರೆಯುವುದು

ಕತ್ತರಿಸಿದ ಅಂಚು ಬ್ಲೇಡಿನಷ್ಟು ಹರಿತ. ಅದನ್ನು ವಜ್ರದ ಪುಡಿ ಕೂರಿಸಿದ ತಿರುಗುವ ಗುಂಡು ಸಾಣೆಗೆ ಹಿಡಿಯಬಹುದು, ಅಥವಾ ಗಾರೆ-ಬಣ್ಣದ ಕೆಲಸದವರು ಬಳಸುವ ವಾಟರ್ ಪೇಪರನ್ನು ಸಮತಟ್ಟಾದ ಗಾಜಿನ ಮೇಲೆ ಹಾಸಿ, ನೀರು ಚಿಮುಕಿಸಿ, ಕೈಯಲ್ಲೇ ಉಜ್ಜಬಹುದು. 120ರ ಒರಟು ಕಾಗದದಿಂದ ಆರಂಭಿಸಿ 220, 400, 600, 1000 ಎಂದು ಮೇಲೇರುತ್ತಾರೆ. ಪ್ರತಿ ಹಂತವೂ ಹಿಂದಿನ ಹಂತದ ಗೀರುಗಳನ್ನು ಪೂರ್ತಿ ಅಳಿಸಿದ ಮೇಲೆಯೇ ಮುಂದಿನದಕ್ಕೆ ಹೋಗಬೇಕು. ಸಂಖ್ಯೆ ಹೆಚ್ಚಿದಷ್ಟೂ ಕಣ ಚಿಕ್ಕದು: 60ರ ಪುಡಿಯ ಕಣ ಸುಮಾರು ಕಾಲು ಮಿಲಿಮೀಟರ್, 220ರದು ಅದರ ನಾಲ್ಕನೆಯ ಒಂದು ಭಾಗದಷ್ಟು, 600ರದು ಮಿಲಿಮೀಟರಿನ ನೂರನೆಯ ಒಂದು ಭಾಗದ ಆಸುಪಾಸು.

ತೂತು ಕೊರೆಯಲು ವಜ್ರಲೇಪಿತ ಬಿಟ್ ಬೇಕು. ಗಾಜನ್ನು ನೀರಿನ ತಟ್ಟೆಯಲ್ಲಿ ಮುಳುಗಿಸಿ, ಅಡಿಯಲ್ಲಿ ಮರದ ತುಂಡು ಇಟ್ಟು, ಕಡಿಮೆ ವೇಗದಲ್ಲಿ, ಒತ್ತದೆ ಕೊರೆಯುತ್ತಾರೆ. ಒಂದೇ ಕಡೆಯಿಂದ ಪೂರ್ತಿ ಕೊರೆದರೆ ಬಿಟ್ ಹೊರಬರುವ ಬದಿಯಲ್ಲಿ ಚಕ್ಕೆ ಹಾರುತ್ತದೆ. ಆದ್ದರಿಂದ ಅರ್ಧ ಕೊರೆದು ಮಗುಚಿ, ಇನ್ನೊಂದು ಬದಿಯಿಂದ ಮುಗಿಸಬೇಕು. ಉರುಳಿಸಿ ಮುಗಿದ ಮೇಲೆ ತೂತು ಕೊರೆಯುವುದು ವಾಡಿಕೆ. ಮೊದಲೇ ಕೊರೆದರೆ ಆ ಭಾಗ ದುರ್ಬಲವಾಗಿ ಪೀಪಾಯಿಯಲ್ಲಿ ಮುರಿಯಬಹುದು, ಪುಡಿಯೂ ತೂತಿನಲ್ಲಿ ಗಟ್ಟಿಯಾಗಿ ಕೂರುತ್ತದೆ.

ಉರುಳಿಸುವುದು

ಟಂಬ್ಲರ್ ಎಂದು ಕರೆಯುವ ಯಂತ್ರ ಸರಳವಾದದ್ದು: ಎರಡು ಉರುಳೆಗಳು, ಅವನ್ನು ತಿರುಗಿಸುವ ಸಣ್ಣ ಮೋಟಾರ್, ಉರುಳೆಗಳ ಮೇಲೆ ಮಲಗಿ ತಿರುಗುವ ರಬ್ಬರಿನ ಪೀಪಾಯಿ. ಒಂದೂವರೆ ಕಿಲೋದಷ್ಟು ಸರಕು ಹಿಡಿಯುವ ಪೀಪಾಯಿ ಹವ್ಯಾಸಿಗಳಲ್ಲಿ ಹೆಚ್ಚು ಬಳಕೆಯಲ್ಲಿದೆ. ಪೀಪಾಯಿಯ ಮೂರನೆಯ ಎರಡು ಭಾಗದಿಂದ ಮುಕ್ಕಾಲು ಭಾಗದವರೆಗೆ ಗಾಜು ತುಂಬಿ, ಅದರ ಮೇಲ್ಮಟ್ಟಕ್ಕೆ ತುಸು ಕೆಳಗಿರುವಂತೆ ನೀರು ಹೊಯ್ದು, ಎರಡು-ಮೂರು ದೊಡ್ಡ ಚಮಚ ಉಜ್ಜುಪುಡಿ ಹಾಕಿ ಮುಚ್ಚುತ್ತಾರೆ.

ಪೀಪಾಯಿ ತಿರುಗಿದಂತೆ ಒಳಗಿನ ಸರಕು ಒಂದು ಬದಿಗೆ ಏರಿ, ಮೇಲಿನ ಪದರ ಇಳಿಜಾರಿನಲ್ಲಿ ಜಾರುತ್ತದೆ. ಸವೆತ ನಡೆಯುವುದು ಮುಖ್ಯವಾಗಿ ಈ ಜಾರುವ ಪದರದಲ್ಲಿ. ಸರಕು ಕಡಿಮೆಯಾದರೆ ಚೂರುಗಳು ಜಾರದೆ ಬೀಳುತ್ತವೆ, ಅಂಚು ಒಡೆಯುತ್ತದೆ. ಹೆಚ್ಚಾದರೆ ಜಾರಲು ಜಾಗವೇ ಇರುವುದಿಲ್ಲ. ವೇಗಕ್ಕೂ ಮಿತಿಯಿದೆ. ಅತಿ ವೇಗವಾಗಿ ತಿರುಗಿಸಿದರೆ ಕೇಂದ್ರಾಪಗಾಮಿ ಬಲಕ್ಕೆ ಸರಕು ಗೋಡೆಗೆ ಅಂಟಿಕೊಂಡು ಉಜ್ಜಾಟವೇ ನಿಂತುಹೋಗುತ್ತದೆ. 42.3 ಎಂಬ ಸಂಖ್ಯೆಯನ್ನು ಮೀಟರಿನಲ್ಲಿ ಅಳೆದ ವ್ಯಾಸದ ವರ್ಗಮೂಲದಿಂದ ಭಾಗಿಸಿದರೆ ಈ ಮಿತಿ ನಿಮಿಷಕ್ಕೆ ಇಷ್ಟು ಸುತ್ತು ಎಂದು ಸಿಗುತ್ತದೆ. 10 ಸೆಂ.ಮೀ. ವ್ಯಾಸದ ಪೀಪಾಯಿಗೆ ಅದು ಸುಮಾರು 134 ಸುತ್ತು. ಗಾಜಿಗೆ ಇದರ ಅರ್ಧಕ್ಕಿಂತ ಕಡಿಮೆ ವೇಗ ಸಾಕು.

ಕಲ್ಲಿಗೂ ಗಾಜಿಗೂ ಇರುವ ಮುಖ್ಯ ವ್ಯತ್ಯಾಸ ಮೆತ್ತೆಯದು. ಗಾಜಿನ ಚೂರುಗಳು ಒಂದಕ್ಕೊಂದು ಬಡಿದರೆ ಅರೆಚಂದ್ರಾಕಾರದ ಸಣ್ಣ ಪೆಟ್ಟಿನ ಗುರುತುಗಳು ಬೀಳುತ್ತವೆ. ಇದನ್ನು ತಡೆಯಲು ಪ್ಲಾಸ್ಟಿಕ್ ಗುಳಿಗೆಗಳನ್ನೋ ಸಣ್ಣ ಸೆರಾಮಿಕ್ ತುಂಡುಗಳನ್ನೋ ಬೆರೆಸುತ್ತಾರೆ. ಅಗೇಟಿನಂಥ ಗಟ್ಟಿ ಕಲ್ಲುಗಳನ್ನು ಗಾಜಿನ ಜೊತೆ ಹಾಕುವುದಿಲ್ಲ.

ಹಂತಗಳು ಮೂರು-ನಾಲ್ಕು. ಅಂಚು ತೀರ ಒರಟಾಗಿದ್ದರೆ 60/90ರ ಪುಡಿ. ಮೊದಲೇ ಕೈಯಲ್ಲಿ ತೇಯ್ದ ಚೂರುಗಳಿಗೆ ನೇರವಾಗಿ 120/220ರ ಪುಡಿ. ಮಬ್ಬು ಮೈ ಸಾಕೆನ್ನುವವರು ಇಲ್ಲಿಗೇ ನಿಲ್ಲಿಸಬಹುದು; ಕೆಲವು ದಿನಗಳ ಉರುಳಾಟಕ್ಕೆ ಗಾಜು ಕಡಲ ದಂಡೆಯ ಚೂರಿನ ರೂಪ ಪಡೆಯುತ್ತದೆ. ಹೊಳಪು ಬೇಕಾದರೆ 500 ಅಥವಾ 600ರ ಪುಡಿಯಲ್ಲಿ ಇನ್ನೊಂದು ಸುತ್ತು, ಕೊನೆಗೆ ಸೀರಿಯಮ್ ಆಕ್ಸೈಡ್. ಪ್ರತಿ ಹಂತಕ್ಕೂ ಸಾಮಾನ್ಯವಾಗಿ ಕೆಲವು ದಿನಗಳಿಂದ ಒಂದು ವಾರ ಹಿಡಿಯುತ್ತದೆ. ನಡುವೆ ಕರೆಂಟು ಹೋಗಿ ಯಂತ್ರ ಕೆಲವು ಗಂಟೆ ನಿಂತರೆ ಕೆಲಸ ಕೆಡುವುದಿಲ್ಲ.

ಸೀರಿಯಮ್ ಆಕ್ಸೈಡಿನ ಕೆಲಸ ಉಜ್ಜುವುದಷ್ಟೇ ಅಲ್ಲ. ನೀರು ತಾಗಿದ ಗಾಜಿನ ಹೊರಪದರ ತುಸು ಮೆತ್ತಗಾಗುತ್ತದೆ, ಆ ಪದರದೊಡನೆ ಸೀರಿಯಮ್ ಆಕ್ಸೈಡ್ ರಾಸಾಯನಿಕವಾಗಿ ಬೆಸೆದುಕೊಂಡು ಅದನ್ನು ಅತಿ ಸೂಕ್ಷ್ಮ ಪ್ರಮಾಣದಲ್ಲಿ ಎತ್ತಿಹಾಕುತ್ತದೆ. ಆದ್ದರಿಂದಲೇ ಕನ್ನಡಕ, ಮಸೂರ, ದೂರದರ್ಶಕದ ಗಾಜುಗಳ ಮೆರುಗಿಗೂ ಇದನ್ನೇ ಬಳಸುತ್ತಾರೆ. ಹಿಂದೆ ಆ ಸ್ಥಾನದಲ್ಲಿದ್ದದ್ದು ಕಬ್ಬಿಣದ ಕೆಂಪು ಆಕ್ಸೈಡ್.

ಹಂತದಿಂದ ಹಂತಕ್ಕೆ ಹೋಗುವಾಗ ಗಾಜು, ಮೆತ್ತೆ, ಪೀಪಾಯಿ, ಮುಚ್ಚಳದ ಸಂದು ಎಲ್ಲವನ್ನೂ ತೊಳೆಯಬೇಕು. ಮೆರುಗಿನ ಪೀಪಾಯಿಗೆ ಒರಟು ಪುಡಿಯ ಕೆಲವೇ ಕಣಗಳು ಸೇರಿದರೂ ಎಲ್ಲ ಚೂರುಗಳ ಮೇಲೂ ಗೀರು ಬೀಳುತ್ತದೆ. ಅನುಭವಿಗಳು ಮೆರುಗಿಗೆ ಪ್ರತ್ಯೇಕ ಪೀಪಾಯಿಯನ್ನೇ ಇಡುತ್ತಾರೆ. ಹೊಳಪು ಬಂದಿದೆಯೇ ಎಂದು ನೋಡಲು ಚೂರನ್ನು ಒರೆಸಿ ಒಣಗಿಸಬೇಕು. ಒದ್ದೆಯಾಗಿರುವಾಗ ನೀರು ಮೇಲ್ಮೈಯ ಕುಳಿಗಳನ್ನು ತುಂಬಿ ಬೆಳಕು ಚದುರುವುದನ್ನು ತಗ್ಗಿಸುವುದರಿಂದ ಒರಟು ಗಾಜೂ ಹೊಳೆಯುವಂತೆ ಕಾಣುತ್ತದೆ. ಗಾಜಿನ ವಕ್ರೀಭವನ ಸೂಚ್ಯಂಕ ಸುಮಾರು 1.5, ನೀರಿನದು 1.33, ಗಾಳಿಯದು 1. ನೀರು ಈ ಅಂತರವನ್ನು ಕಿರಿದು ಮಾಡುತ್ತದೆ.

ತಿರುಗುವ ಬದಲು ಕಂಪಿಸುವ ಬೋಗುಣಿಯ ಯಂತ್ರಗಳೂ ಇವೆ. ಅವು ಬೇಗ ಕೆಲಸ ಮುಗಿಸುತ್ತವೆ, ಚೂರಿನ ಆಕಾರವನ್ನು ಹೆಚ್ಚು ಬದಲಿಸುವುದಿಲ್ಲ. ಹೃದಯ, ಎಲೆ, ಹನಿಯಂಥ ಆಕಾರಗಳನ್ನು ಕಷ್ಟಪಟ್ಟು ಕತ್ತರಿಸಿದವರಿಗೆ ಇವು ಅನುಕೂಲ. ತಿರುಗುವ ಪೀಪಾಯಿ ಎಲ್ಲವನ್ನೂ ದುಂಡಗಾಗಿಸುತ್ತ ಹೋಗುತ್ತದೆ.

ಕಡಲ ಗಾಜು

ಯಂತ್ರದ ಮಬ್ಬು ಗಾಜಿಗೆ ಮೂಲ ಮಾದರಿ ಕಡಲು ಸವೆಸಿದ ಗಾಜು. ಅಲೆ ಮತ್ತು ಮರಳು ಚೂರನ್ನು ಉಜ್ಜುವ ಜೊತೆಗೆ ಉಪ್ಪುನೀರು ಗಾಜಿನ ಸೋಡಾ-ಸುಣ್ಣವನ್ನು ನಿಧಾನವಾಗಿ ಕರಗಿಸಿ ಹೊರತೆಗೆಯುತ್ತದೆ. ಹೀಗೆ ಹದಗೊಳ್ಳಲು ಹಲವು ದಶಕಗಳು ಬೇಕು. ಇಂಗ್ಲೆಂಡಿನ ಸೀಹ್ಯಾಮ್ ತೀರದಲ್ಲಿ 1853ರಿಂದ 1921ರವರೆಗೆ ನಡೆದ ಸೀಸೆ ಕಾರ್ಖಾನೆ ಸಮುದ್ರಕ್ಕೆ ಎಸೆದ ತ್ಯಾಜ್ಯ ಇಂದು ಬಹುವರ್ಣದ ಚೂರುಗಳಾಗಿ ದಂಡೆಗೆ ಬರುತ್ತಿದೆ. ಕ್ಯಾಲಿಫೋರ್ನಿಯಾದ ಫೋರ್ಟ್ ಬ್ರ್ಯಾಗ್ ಊರಿನವರು 1967ರವರೆಗೆ ಕಡಲಂಚಿನಲ್ಲಿ ಕಸ ಸುರಿದ ಜಾಗ ಈಗ ಗಾಜಿನ ಕಡಲತೀರವೆಂದು ಪ್ರಸಿದ್ಧ. ಅದರಲ್ಲಿ ರಾಜ್ಯ ಉದ್ಯಾನಕ್ಕೆ ಸೇರಿದ ಭಾಗದಿಂದ ಗಾಜು ಒಯ್ಯುವುದಕ್ಕೆ ನಿಷೇಧವಿದೆ. ರಷ್ಯಾದ ವ್ಲಾಡಿವೊಸ್ಟಾಕ್ ಸಮೀಪದ ಉಸ್ಸೂರಿ ಕೊಲ್ಲಿಯಲ್ಲಿಯೂ ಇಂಥ ತೀರವಿದೆ.

ಸಂಗ್ರಹಕಾರರು ಹುಡುಕುವ ಚೂರುಗಳಲ್ಲಿ ಸೋಡಾ ಸೀಸೆಯ ಗೋಲಿಯೂ ಒಂದು. ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಪಡೆದ ಈ ಸೀಸೆ ಕನ್ನಡಿಗರಿಗೆ ಗೋಲಿ ಸೋಡಾದಿಂದ ಪರಿಚಿತ. ಇಡಿಯಾಗಿ ಸಿಗುವ ಗೋಲಿಯನ್ನು ತಂತಿಯ ಪಂಜರದಲ್ಲಿ ಕೂರಿಸಿ ಪದಕ ಮಾಡುತ್ತಾರೆ.

ಆಭರಣವಾಗಿ ಕಟ್ಟುವುದು

ನಯವಾದ ಚೂರನ್ನು ಒಡವೆಗೆ ಹೊಂದಿಸಲು ನಾಲ್ಕು ಬಗೆಗಳಿವೆ. ತಂತಿ ಸುತ್ತುವುದು ಅತ್ಯಂತ ಸುಲಭ, 0.8ರಿಂದ 1 ಮಿ.ಮೀ. ದಪ್ಪದ ತಾಮ್ರ, ಹಿತ್ತಾಳೆ ಅಥವಾ ಬೆಳ್ಳಿಯ ತಂತಿ ಸಾಕು, ಗಾಜಿಗೆ ತೂತು ಬೇಡ. ಎರಡನೆಯದು ತೂತಿನಲ್ಲಿ ಕೊಂಡಿ ಹಾಕುವುದು. ಓಲೆಗೂ ಲೋಲಕಕ್ಕೂ ಇದು ಹಗುರ. ಮೂರನೆಯದು ಹರಳು ಕೂರಿಸುವ ಅಕ್ಕಸಾಲಿಗರ ವಿಧಾನ, ಅಂದರೆ ಲೋಹದ ತೆಳು ಪಟ್ಟಿಯ ಮನೆ ಮಾಡಿ ಅದರ ಅಂಚನ್ನು ಚೂರಿನ ಮೇಲೆ ಒತ್ತುವುದು. ಇಲ್ಲಿ ಬೆಸುಗೆಯ ಕೆಲಸವೆಲ್ಲ ಗಾಜು ಕೂರಿಸುವ ಮುನ್ನವೇ ಮುಗಿಯಬೇಕು, ಏಕೆಂದರೆ ಊದುಗೊಳವೆಯ ಉರಿಗೆ ಗಾಜು ಸೀಳುತ್ತದೆ. ನಾಲ್ಕನೆಯದು ಅಂಚಿಗೆ ತಾಮ್ರದ ಅಂಟುಪಟ್ಟಿ ಸುತ್ತಿ ಅದರ ಮೇಲೆ ಬೆಸುಗೆ ಹರಿಸುವುದು. ಬಣ್ಣದ ಗಾಜಿನ ದೀಪಗಳಿಗೆ ಹೆಸರಾದ ಅಮೆರಿಕದ ಲೂಯಿಸ್ ಕಂಫರ್ಟ್ ಟಿಫನಿಯ ಕಾರ್ಯಾಗಾರ ಈ ವಿಧಾನವನ್ನು ಜನಪ್ರಿಯಗೊಳಿಸಿತು. ಮೈಗೆ ತಾಗುವ ಒಡವೆಗೆ ಸೀಸವಿಲ್ಲದ ಬೆಸುಗೆಯನ್ನೇ ಬಳಸಬೇಕು. ನಿಕ್ಕಲ್ ಬೆರೆತ ಕೊಂಡಿಗಳು ಕೆಲವರ ಕಿವಿಯಲ್ಲಿ ತುರಿಕೆ ತರುತ್ತವೆ.

ಸಣ್ಣ ವಿದ್ಯುತ್ ಕುಲುಮೆ ಇರುವವರು ಉರುಳಿಸುವ ಬದಲು ಚೂರನ್ನು 700 °ಸೆ. ದಾಟಿ ಕಾಯಿಸಿ ಅಂಚನ್ನು ಕರಗಿಸಿ ನಯ ಮಾಡುತ್ತಾರೆ. ಹಾಗೆ ಮಾಡಿದ ಗಾಜನ್ನು 500 °ಸೆ. ಆಸುಪಾಸಿನಲ್ಲಿ ತಡೆಹಿಡಿದು ನಿಧಾನವಾಗಿ ಆರಿಸದಿದ್ದರೆ ಒಳಗೆ ಉಳಿಯುವ ಎಳೆತದಿಂದ ಅದು ದಿನಗಳ ನಂತರವೂ ಸೀಳಬಹುದು. ಬೇರೆಬೇರೆ ಗಾಜುಗಳನ್ನು ಬೆಸೆಯುವುದಾದರೆ ಅವುಗಳ ಹಿಗ್ಗುವ ಪ್ರಮಾಣ ಒಂದೇ ಇರಬೇಕು. ಬರಿಯ ಉರುಳಿಸುವ ಕೆಲಸದಲ್ಲಿ ಈ ಎರಡು ತೊಡಕುಗಳೂ ಇಲ್ಲ.

ಎಚ್ಚರಿಕೆಗಳು

ಕಣ್ಣಿಗೆ ರಕ್ಷಣೆಯ ಕನ್ನಡಕ, ಕಾಲಿಗೆ ಮುಚ್ಚಿದ ಚಪ್ಪಲಿ ಕಡ್ಡಾಯ. ಮೇಜಿನ ಚೂರುಗಳನ್ನು ಕೈಯಿಂದ ಒರೆಸದೆ ಕುಂಚದಿಂದ ಗುಡಿಸಬೇಕು. ತೇಯುವುದು, ಕೊರೆಯುವುದು ಎಲ್ಲವೂ ಒದ್ದೆಯಾಗಿಯೇ ನಡೆಯಬೇಕು. ಗಾಜಿನ ಸಿಲಿಕ ಬೆಣಚುಕಲ್ಲಿನ ಸ್ಫಟಿಕ ಸಿಲಿಕದಷ್ಟು ಅಪಾಯಕಾರಿಯಲ್ಲದಿದ್ದರೂ ಅದರ ಒಣ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಹಳದಿ, ಕೆಂಪು, ಕಿತ್ತಳೆ ಗಾಜುಗಳಲ್ಲಿ ಕ್ಯಾಡ್ಮಿಯಮ್ ಇರಬಹುದು. ಅಡುಗೆಯ ಪಾತ್ರೆ, ಚಮಚಗಳನ್ನು ಈ ಕೆಲಸಕ್ಕೆ ಬಳಸಬಾರದು. ಗಾಜನ್ನು ಮಬ್ಬು ಮಾಡುವ ಆಮ್ಲದ ಮುಲಾಮುಗಳಲ್ಲಿ ಫ್ಲೋರೈಡ್ ಸಂಯುಕ್ತಗಳಿರುತ್ತವೆ. ಚರ್ಮದ ಮೂಲಕ ಒಳಸೇರುವ ಇವು ಮನೆಯ ಕೆಲಸಕ್ಕೆ ತಕ್ಕವಲ್ಲ.

ಪೀಪಾಯಿಯಲ್ಲಿ ಕೆಲವೊಮ್ಮೆ ಅನಿಲ ತುಂಬಿ ಮುಚ್ಚಳ ಉಬ್ಬುತ್ತದೆ, ಆಗಾಗ ತೆರೆದು ಬಿಡಬೇಕು. ಉಳಿಯುವ ಬೂದುಬಣ್ಣದ ಕೆಸರನ್ನು ಸಿಂಕಿಗೆ ಸುರಿದರೆ ಕೊಳವೆಯೊಳಗೆ ಸಿಮೆಂಟಿನಷ್ಟು ಗಟ್ಟಿಯಾಗಿ ಕೂರುತ್ತದೆ. ಬಕೆಟ್ಟಿನಲ್ಲಿ ತಂಗಲು ಬಿಟ್ಟು, ತಿಳಿನೀರನ್ನು ಚೆಲ್ಲಿ, ಕೆಸರನ್ನು ಒಣಗಿಸಿ ಕಸಕ್ಕೆ ಹಾಕುವುದು ಸರಿಯಾದ ಕ್ರಮ.

ಮೌಲ್ಯ ಮತ್ತು ಪ್ರಾಮಾಣಿಕತೆ

ಮೆರುಗು ಪಡೆದ ಗಾಜನ್ನು ಹರಳೆಂದು, ಯಂತ್ರದಲ್ಲಿ ಉರುಳಿಸಿದ್ದನ್ನು ಕಡಲ ಗಾಜೆಂದು ಮಾರುವವರಿದ್ದಾರೆ. ಭೂತಗನ್ನಡಿಯಲ್ಲಿ ಕಾಣುವ ದುಂಡು ಗುಳ್ಳೆಗಳು, ಒಳಗಿನ ಸುಳಿಗೆರೆಗಳು, ಅಂಚಿನ ಚಿಪ್ಪಿನಾಕಾರದ ಮುರಿತ ಗಾಜಿನ ಲಕ್ಷಣಗಳು. ಗಾಜನ್ನು ಮುಟ್ಟಿದರೆ ಬೆಣಚು ಜಾತಿಯ ಹರಳುಗಳಷ್ಟು ತಣ್ಣಗೆ ತಾಗುವುದಿಲ್ಲ. ಕಡಲ ಗಾಜಿನ ಮಬ್ಬು ಎಲ್ಲ ಕಡೆ ಒಂದೇ ಸಮವಾಗಿರದೆ, ಅಲ್ಲಲ್ಲಿ ಸಿ ಅಕ್ಷರದಂಥ ಸಣ್ಣ ಕುಳಿಗಳಿಂದ ಕೂಡಿರುತ್ತದೆ. ಪೀಪಾಯಿಯ ಮಬ್ಬು ಹೆಚ್ಚಾಗಿ ಏಕರೂಪ. ಸೀಸೆಯ ಚೂರಿಗೆ ಸ್ವಂತ ಬೆಲೆ ಇಲ್ಲವೆನ್ನುವಷ್ಟು ಕಡಿಮೆ. ಒಡವೆಯ ಬೆಲೆ ಅದನ್ನು ಆರಿಸಿದ ಕಣ್ಣಿಗೆ, ಕತ್ತರಿಸಿದ ಕೈಗೆ, ಕಾದ ತಾಳ್ಮೆಗೆ ಸಲ್ಲುತ್ತದೆ. ಆದ್ದರಿಂದ ಗಾಜನ್ನು ಗಾಜೆಂದೇ ಹೇಳಿ ಮಾರುವುದರಲ್ಲಿ ಹವ್ಯಾಸಿಗೆ ನಷ್ಟವಿಲ್ಲ.

ಈ ಹವ್ಯಾಸಕ್ಕೆ ಕಾಲಿಡುವವರು ಯಂತ್ರ ಕೊಳ್ಳಲು ಅವಸರ ಮಾಡಬೇಕಿಲ್ಲ. ಒಂದು ಕಟರ್, ರಕ್ಷಣೆಯ ಕನ್ನಡಕ, ನಾಲ್ಕೈದು ಬಗೆಯ ವಾಟರ್ ಪೇಪರ್, ಒಂದು ಬೋಗುಣಿ ನೀರು, ಗಾಜಿನ ಅಂಗಡಿಯಲ್ಲಿ ಉಳಿದ ಕೆಲವು ತುಂಡುಗಳಿದ್ದರೆ ಮೊದಲ ಪದಕವನ್ನು ಕೈಯಲ್ಲೇ ಮಾಡಬಹುದು. ಒಂದು ಚೂರನ್ನು ಕೈಯಿಂದ ಕೊನೆಯವರೆಗೆ ತೇಯ್ದವರಿಗೆ ಪ್ರತಿ ಹಂತ ಯಾವಾಗ ಮುಗಿಯಿತೆಂಬ ಅಂದಾಜು ಸಿಗುತ್ತದೆ. ಪೀಪಾಯಿಯನ್ನು ಯಾವಾಗ ನಿಲ್ಲಿಸಬೇಕೆಂದು ತಿಳಿಯಲು ಬೇಕಾದ ಅನುಭವವೂ ಅದೇ.